ಮಲಯಾಳಂ ಆಧಾರ, ಕನ್ನಡ ತರ್ಜುಮೆ: ಎಐ ಬಂದ ಮೇಲೆ ನಮ್ಮ ಕೈಯಲ್ಲಿ ಉಳಿಯುವ ಕೆಲಸ ಯಾವುದು?

ಕುಂಬಳೆ ಡಿಟಿಪಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪೇಟೆಯಲ್ಲಿ ಇಬ್ಬರು ಕೂತು ನಡೆಸುವ ಡಿಟಿಪಿ ಅಂಗಡಿಯ ಮಟ್ಟಿಗೆ ಕೇಳುವ ಪ್ರಶ್ನೆ. ಬರುವ ಕೆಲಸ ಮೂರು ತರಹದ್ದು. ವಿಲೇಜ್ ಆಫೀಸು, ಪಂಚಾಯತುಗಳಿಂದ ಮಲಯಾಳಂನಲ್ಲಿ ಬಂದ ನೋಟೀಸು ಕನ್ನಡಕ್ಕೆ. ಜಾಗದ ಆಧಾರ (ರಿಜಿಸ್ಟ್ರಿಯಾದ ದಸ್ತಾವೇಜು) ಕನ್ನಡಕ್ಕೆ. 1956ರಲ್ಲಿ ಕೇರಳಕ್ಕೆ ಸೇರುವ ಮೊದಲು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ ಕನ್ನಡ ದಸ್ತಾವೇಜು ಮಲಯಾಳಂಗೆ. ಈಗ ಗಿರಾಕಿಗಳೇ ಮೊಬೈಲಿನಲ್ಲಿ ಫೋಟೋ ತೆಗೆದು ಎಐಗೆ ಕೊಟ್ಟು, ಬಂದ ತರ್ಜುಮೆಯನ್ನು ವಾಟ್ಸಾಪಿನಲ್ಲಿ ಕಳಿಸಿ, "ಒಮ್ಮೆ ಕಣ್ಣಾಡಿಸಿ ಪ್ರಿಂಟ್ ಕೊಡಿ, ಟೈಪಿಂಗ್ ಚಾರ್ಜು ಬೇಡವಲ್ಲ" ಎನ್ನುತ್ತಾರೆ. ಓದಿದರೆ ಭಾಷೆ ನುಣ್ಣಗಿದೆ, ತಪ್ಪು ತಟ್ಟನೆ ಕಣ್ಣಿಗೆ ಬೀಳುವುದಿಲ್ಲ.

ತಪ್ಪು ಎಲ್ಲೆಲ್ಲಿ ಬರುತ್ತದೆ? ಅಂಗಡಿಯಲ್ಲೇ ಎಐ ಬಳಸುವುದಾದರೆ ಯಾವ ಕ್ರಮದಲ್ಲಿ? ದರ ಯಾವ ಲೆಕ್ಕದಲ್ಲಿ ಇಡುವುದು?

ಗಡಿ ತರ್ಜುಮೆ

ಆ ನುಣುಪಿನಲ್ಲೇ ತೊಂದರೆ ಇರುವುದು. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುವಾಗ ಯಂತ್ರ ಎಡವಿದರೆ ವಾಕ್ಯವೇ ಸೊಟ್ಟಗಾಗುತ್ತದೆ, ಕೂಡಲೇ ಗೊತ್ತಾಗುತ್ತದೆ. ಮಲಯಾಳಂ-ಕನ್ನಡದಲ್ಲಿ ಹಾಗಲ್ಲ. ಎರಡೂ ಕಡೆ ಅದೇ ಸಂಸ್ಕೃತ ಶಬ್ದ, ಅರ್ಥ ಮಾತ್ರ ಬೇರೆ. ತಪ್ಪು ಶಬ್ದ ಸರಿಯಾದ ವಾಕ್ಯದೊಳಗೆ ಸುಮ್ಮನೆ ಕೂತಿರುತ್ತದೆ.

ಮೊದಲು ಹುಡುಕಬೇಕಾದ್ದು 'ಅವಕಾಶಂ'. ಮಲಯಾಳಂನಲ್ಲಿ ಅದು ಹಕ್ಕು. 'ಅನಂತರಾವಕಾಶಿ' ಅಂದರೆ ವಾರಸುದಾರ. "ಈ ಸ್ಥಳದಲ್ಲಿ ಇನ್ನು ಮುಂದೆ ಅವರಿಗೆ ಯಾವ ಅವಕಾಶವೂ ಇರುವುದಿಲ್ಲ" ಎಂದು ಕನ್ನಡದಲ್ಲಿ ಬಂದರೆ, ಹಕ್ಕನ್ನೇ ಬಿಟ್ಟುಕೊಟ್ಟ ಮಾತು ಅದು ಎಂದು ಓದುವವರಿಗೆ ಹೊಳೆಯುವುದೇ ಇಲ್ಲ. 'ರಾಜಿ' ಅಲ್ಲಿ ಹೆಚ್ಚಾಗಿ ರಾಜೀನಾಮೆ, ನಮ್ಮಲ್ಲಿ ಒಪ್ಪಂದ. 'ಅನುವಾದಂ' ಅಲ್ಲಿ ಅನುಮತಿ. 'ಅಪೇಕ್ಷ' ಅಂದರೆ ಅರ್ಜಿ. 'ಅವಸರಂ' ಅಂದರೆ ಸಂದರ್ಭ, ಅವಕಾಶ. ನಮ್ಮ ಗಡಿಬಿಡಿ ಅಲ್ಲ. 'ವ್ಯವಸಾಯಂ' ಅಲ್ಲಿ ಕೈಗಾರಿಕೆ, ಹಾಗಾಗಿ 'ಜಿಲ್ಲಾ ವ್ಯವಸಾಯ ಕೇಂದ್ರಂ' ಎಂಬುದನ್ನು ಹಾಗೇ ಬಿಟ್ಟರೆ ಸಬ್ಸಿಡಿ ಸಾಲಕ್ಕೆ ಹೋಗಬೇಕಾದವರು ಕೃಷಿಭವನಕ್ಕೆ ಹೋಗಿ ನಿಲ್ಲುತ್ತಾರೆ. 'ಆಧಾರಂ ನಂಬರ್' ಎಂಬಲ್ಲಿ ಆಧಾರ್ ಕಾರ್ಡಿನ ನಂಬ್ರ ಎಂದು ಬಂದಿದೆಯೇ ಎಂದೂ ನೋಡಿ. ಅಲ್ಲಿರುವುದು ರಿಜಿಸ್ಟ್ರಿಯಾದ ದಸ್ತಾವೇಜಿನ ನಂಬ್ರ, ಓರೆಗೆರೆಯ ಆಚೆ ವರ್ಷ ಇರುತ್ತದೆ.

ಇನ್ನೊಂದು ಬಗೆಯದ್ದು ಪದವನ್ನು ಬಿಡಿಸಿ ಅರ್ಥ ಮಾಡುವ ತಪ್ಪು. 'ಪೋಕ್ಕುವರವ್' ಅಂದರೆ ಖಾತೆ ಬದಲಾವಣೆ. ಶಬ್ದಶಃ ಹೋಗುವುದು-ಬರುವುದು, ಆದ್ದರಿಂದ 'ಸಂಚಾರ' ಎಂದೂ ಬರಬಹುದು. 'ಒಳಿಮುರಿ' ಹಕ್ಕುಬಿಡುಗಡೆ ಪತ್ರ. 'ಮುರಿ' ಅಂದರೆ ಕೋಣೆ ಎಂದೂ ಅರ್ಥವಿದೆ, ಆದರೆ ಅಲ್ಲಿ ಕೋಣೆ ಯಾವುದೂ ಇಲ್ಲ. 'ತಂಡಪ್ಪೇರ್' (ವಿಲೇಜ್ ಆಫೀಸಿನಲ್ಲಿ ಜಾಗದ ಮಾಲಕರ ಖಾತೆ) ನಂಬ್ರವನ್ನು ತರ್ಜುಮೆ ಮಾಡಲೇಬೇಡಿ, ಹಾಗೇ ಬರೆಯಿರಿ. ವಿಲೇಜ್ ಆಫೀಸಿನಲ್ಲಿ ಕೇಳುವುದೇ ಆ ಹೆಸರಿನಲ್ಲಿ.

ಕ್ರಿಯಾಪದದ ಲಿಂಗವನ್ನು ಜನ ಗಮನಿಸುವುದು ಕಡಿಮೆ. ಮಲಯಾಳಂನ 'ವನ್ನು', 'ಕೊಡುತ್ತು' ಎಂಬುದರಲ್ಲಿ ಬಂದನೋ ಬಂದಳೋ ಬಂದರೋ ಇಲ್ಲ. ಕನ್ನಡಕ್ಕೆ ಬರುವಾಗ ಯಂತ್ರ ಒಂದನ್ನು ಆರಿಸಲೇಬೇಕು, ಆರಿಸುವುದು ಹೆಚ್ಚಾಗಿ 'ಅವನು'. ಎಷ್ಟೋ ಸೇವೆಗಳು ಮಲಯಾಳಂನಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ ಎಂದು ಎರಡು ಹೆಜ್ಜೆಯಲ್ಲಿ ಹೋಗುತ್ತವೆ. ನೀನು-ನೀವು ವ್ಯತ್ಯಾಸವೂ ಆ ನಡುದಾರಿಯಲ್ಲೇ ಕಳೆದುಹೋಗುತ್ತದೆ. ವಿಧವೆಯೊಬ್ಬರ ದಾನಪತ್ರದಲ್ಲಿ ಮೂರನೇ ಪುಟದಿಂದ 'ಅವನು' ಶುರುವಾದರೆ ಕಾರಣ ಇದು.

ಉಪಾಯ: ಇಂಥ 40-50 ಶಬ್ದಗಳ ಪಟ್ಟಿಯೊಂದನ್ನು ಫೈಲಾಗಿ ಇಟ್ಟುಕೊಂಡು ಪ್ರತಿ ಕೆಲಸದ ತಲೆಯಲ್ಲಿ ಎಐಗೆ ಕೊಡಿ, "ಈ ಶಬ್ದಕ್ಕೆ ಇದೇ ಅರ್ಥ" ಎಂದು. ಕೊಟ್ಟ ಮೇಲೂ ನಂಬಬಾರದು. ತರ್ಜುಮೆ ಬಂದ ಕೂಡಲೇ ಕಂಟ್ರೋಲ್-ಎಫ್ ಒತ್ತಿ ಅವಕಾಶ, ಅಪೇಕ್ಷೆ, ಅನುವಾದ, ರಾಜಿ, ಆಧಾರ್ ಎಂದು ಒಂದೊಂದಾಗಿ ಹುಡುಕಿ, ಸಿಕ್ಕಿದ ಕಡೆಯೆಲ್ಲ ಮೂಲದೊಡನೆ ತಾಳೆ ನೋಡಿ. ಐದೇ ನಿಮಿಷದ ಕೆಲಸ.

ಬದಿಯಡ್ಕ ದಸ್ತಾವೇಜು

ಶಬ್ದದ ಮಾತು ಮೇಲಿನವರು ಸರಿಯಾಗಿ ಹೇಳಿದ್ದಾರೆ. ಆದರೆ ಜಾಗ ಹೋಗುವುದು ಅಂಕೆಯಲ್ಲಿ.

ಕೇರಳದ ತೀರ್ವೆ (ಭೂಕಂದಾಯ) ರಶೀದಿ, ಆಧಾರಗಳಲ್ಲಿ ವಿಸ್ತೀರ್ಣ ಹೆಕ್ಟೇರು, ಆರ್, ಚದರ ಮೀಟರು ಎಂದು ಮೂರು ಭಾಗವಾಗಿ ಬರುತ್ತದೆ. ಉದಾಹರಣೆಗೆ 0.04.05. ಅಂದರೆ ಸೊನ್ನೆ ಹೆಕ್ಟೇರು, 4 ಆರ್, 5 ಚದರ ಮೀಟರು: ಒಟ್ಟು 405 ಚದರ ಮೀಟರು. ಒಂದು ಸೆಂಟ್ಸು 40.47 ಚದರ ಮೀಟರಾದ್ದರಿಂದ ಇದು 10 ಸೆಂಟ್ಸು. ಈ ಎರಡು ಚುಕ್ಕೆಗಳ ಬರಹ ಯಂತ್ರಕ್ಕೆ ದಶಮಾಂಶವಾಗಿಯೋ ತಾರೀಕಾಗಿಯೋ ಕಾಣುತ್ತದೆ. ಎರಡನೇ ಚುಕ್ಕೆಯೊಡನೆ ಒಂದು ಸೊನ್ನೆಯೂ ಹಾರಿ 0.405 ಹೆಕ್ಟೇರು ಎಂದಾದರೆ ಒಂದು ಎಕರೆ. ಮೊದಲ ಚುಕ್ಕೆ ಹಾರಿ 4.05 ಹೆಕ್ಟೇರು ಎಂದಾದರೆ ಹತ್ತು ಎಕರೆ. ಹತ್ತು ಸೆಂಟ್ಸಿನ ಮನೆ ಅಡಿಸ್ಥಳ ಹತ್ತು ಎಕರೆಯಾಗಲು ಒಂದು ಚುಕ್ಕೆ ಸಾಕು. ತರ್ಜುಮೆಯಲ್ಲಿ ಮೂಲದಂತೆ 0.04.05 ಎಂದೇ ಬರೆದು, ಪಕ್ಕದಲ್ಲಿ ಕಂಸದೊಳಗೆ ಸೆಂಟ್ಸಿನ ಲೆಕ್ಕವನ್ನು ಕ್ಯಾಲ್ಕುಲೇಟರಿನಲ್ಲಿ ಮಾಡಿ ಹಾಕಿ. ಲೆಕ್ಕವನ್ನು ಎಐ ಹತ್ತಿರ ಮಾಡಿಸಬೇಡಿ.

ಸರ್ವೆ ನಂಬ್ರದ ಓರೆಗೆರೆ ಇನ್ನೊಂದು ಅಪಾಯ. ಮಾಸಿದ ಪ್ರತಿಯಲ್ಲಿ 123/4 ಎಂಬುದನ್ನು 12314 ಎಂದು ಓದುತ್ತದೆ, ಓರೆಗೆರೆ 1 ಆಗುತ್ತದೆ. ಸರ್ವೆ ನಂಬ್ರದಲ್ಲಿ ಐದು ಅಂಕೆ ಒಟ್ಟಿಗೆ ಕಂಡರೆ ಮೂಲ ತೆಗೆದು ನೋಡಿ. ಹಳೆ ಸರ್ವೆ ನಂಬ್ರ, ರೀಸರ್ವೆ ನಂಬ್ರ ಎರಡೂ ಇರುವ ಕಾಗದದಲ್ಲಿ ಅದಲುಬದಲಾಗುವುದೂ ಉಂಟು.

ನೀವು ಇಬ್ಬರಿದ್ದೀರಲ್ಲ, ಅದು ಅನುಕೂಲವೇ. ಒಬ್ಬರು ಮೂಲವನ್ನು ಹಿಡಿದು ಬರೀ ಅಂಕೆಗಳನ್ನು ಗಟ್ಟಿಯಾಗಿ ಓದಬೇಕು: ಆಧಾರ ನಂಬ್ರ, ತಾರೀಕು, ಸರ್ವೆ ನಂಬ್ರ, ವಿಸ್ತೀರ್ಣ, ಪ್ರತಿಫಲದ ಮೊತ್ತ. ಇನ್ನೊಬ್ಬರು ತರ್ಜುಮೆಯ ಮೇಲೆ ಪೆನ್ಸಿಲಿನಲ್ಲಿ ಟಿಕ್ ಹಾಕಬೇಕು. ಒಬ್ಬರೇ ಎರಡೂ ಕಾಗದ ನೋಡಿದರೆ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದಿಬಿಡುತ್ತದೆ. ಮೊತ್ತ ಅಂಕೆಯಲ್ಲೂ ಅಕ್ಷರದಲ್ಲೂ ಇರುತ್ತದೆ, ಅವೆರಡನ್ನು ಒಂದಕ್ಕೊಂದು ತಾಳೆ ಮಾಡಿ. ನಾಲ್ಕು ಗಡಿಯನ್ನೂ ಹೀಗೆಯೇ ಓದಿಸಿ. ಮಲಯಾಳಂನ 'ತೆಕ್ಕ್' ದಕ್ಷಿಣ, 'ವಡಕ್ಕ್' ಉತ್ತರ.

ಹೊಸಂಗಡಿ ಲಿಪಿ

ತಾಂತ್ರಿಕ ಕ್ರಮ ಹೇಳುತ್ತೇನೆ.

ಮೊಬೈಲ್ ಫೋಟೋ ಬೇಡ, ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 300 ಡಿಪಿಐ, ಅಕ್ಷರ ಸಣ್ಣದಿದ್ದರೆ 400. ಸ್ಟಾಂಪ್ ಪೇಪರಿನ ಹಿನ್ನೆಲೆಯ ಬಳ್ಳಿ ಚಿತ್ರ ಅಕ್ಷರದೊಡನೆ ಸೇರಿಕೊಳ್ಳುತ್ತದೆ, ಆದ್ದರಿಂದ ಬಣ್ಣದಲ್ಲೇ ಸ್ಕ್ಯಾನ್ ಮಾಡಿ ಆಮೇಲೆ ಗ್ರೇಸ್ಕೇಲಿಗೆ ತಂದು ಕಾಂಟ್ರಾಸ್ಟ್ ಏರಿಸಿ. ಅಕ್ಷರ ಗುರುತಿಸಲು ಟೆಸೆರಾಕ್ಟ್ ಎಂಬ ತಂತ್ರಾಂಶ ಸಾಕು. ಪುಕ್ಕಟೆ, ಕನ್ನಡ-ಮಲಯಾಳಂ ಎರಡೂ ಇದೆ, ಇಂಟರ್ನೆಟ್ ಬೇಡ. ಅಚ್ಚಾದ ಕನ್ನಡದಲ್ಲಿ ಪ-ಷ, ಧ-ಥ, ಅರ್ಕಾವೊತ್ತು ಇವು ತಪ್ಪುವ ಜಾಗಗಳು. ಅನುಸ್ವಾರದ 'ಂ' ಇರಬೇಕಾದಲ್ಲಿ ಕನ್ನಡ ಸೊನ್ನೆ '೦' ಕೂತರೆ ಕಣ್ಣಿಗೆ ಎರಡೂ ಒಂದೇ, ಆದರೆ ಹುಡುಕಿದರೆ ಆ ಶಬ್ದ ಸಿಗುವುದಿಲ್ಲ. ಮಲಯಾಳಂನಲ್ಲಿ ಚಿಲ್ಲಕ್ಷರಗಳದ್ದು (ಸ್ವರವಿಲ್ಲದ ವ್ಯಂಜನದ ರೂಪಗಳು) ಅದೇ ಕಥೆ. 2008ರ ಯುನಿಕೋಡ್ 5.1ರಲ್ಲಿ ಅವಕ್ಕೆ ಸ್ವಂತ ಸಂಕೇತ ಬಂತು. ಅದಕ್ಕಿಂತ ಹಿಂದಿನ ಫೈಲುಗಳಲ್ಲಿ ಬೇರೆ ರೀತಿ ಇರುತ್ತವೆ. ಹುಡುಕುವ ಮೊದಲು ಒಂದೇ ರೂಪಕ್ಕೆ ತನ್ನಿ.

ನುಡಿ, ಬರಹದ ಹಳೆ ಆನ್ಸಿ ಫೈಲುಗಳನ್ನು ಯುನಿಕೋಡಿಗೆ ಪರಿವರ್ತಿಸದೆ ಎಐಗೆ ಕೊಡಬೇಡಿ. ಅದಕ್ಕೆ ಕಾಣುವುದು ಬರೀ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಆದರೂ ಏನೋ ಒಂದು ಅರ್ಥ ಕಟ್ಟಿ ಕೊಟ್ಟುಬಿಡುವ ಎಐಗಳಿವೆ.

ತರ್ಜುಮೆಗೆ ಕೊಡುವ ಮೊದಲು ಪ್ರತಿ ಪ್ಯಾರಾಕ್ಕೆ 1, 2, 3 ಎಂದು ನಂಬ್ರ ಹಾಕಿ. ಚಾಟ್ ಮಾದರಿಯ ಎಐಗಳು ಒಂದೇ ತರಹದ ಎರಡು ಪ್ಯಾರಾ ಇದ್ದರೆ ಒಂದನ್ನು ನುಂಗಿ ಸಾರಾಂಶ ಮಾಡಿಬಿಡುತ್ತವೆ. ನಂಬ್ರ ಇದ್ದರೆ 7ರ ನಂತರ 9 ಬಂದದ್ದು ಕೂಡಲೇ ಕಾಣುತ್ತದೆ. ಆಧಾರದ ವಾಕ್ಯ ಅರ್ಧ ಪುಟ ಇರುತ್ತದೆ, ಅದನ್ನು ಅರ್ಥ ಕೆಡದ ಹಾಗೆ ಮೂರು-ನಾಲ್ಕು ತುಂಡು ಮಾಡಿ.

ಗುಟ್ಟಿನ ಮಾತು ಗಂಭೀರವಾದದ್ದು. ಗಿರಾಕಿಯ ಆಧಾರ್ ನಂಬ್ರ, ಫೋನ್, ಮನೆ ಹೆಸರು ಇರುವ ಕಾಗದವನ್ನು ಪುಕ್ಕಟೆ ಸೇವೆಗೆ ಹಾಗೇ ಏರಿಸಬಾರದು. ಅಕ್ಷರ ಗುರುತಿಸಿದ ಮೇಲೆ ಹೆಸರಿನ ಜಾಗದಲ್ಲಿ 'ವ್ಯಕ್ತಿ1', 'ಮನೆ1' ಎಂದು ಬದಲಿಸಿ, ತರ್ಜುಮೆ ಬಂದ ಮೇಲೆ ತಿರುಗಿ ಹಾಕಿ. ಹೆಸರಿನ ಕಾಗುಣಿತ ಯಂತ್ರದ ಕೈಗೆ ಸಿಗದೆ ಉಳಿಯುತ್ತದೆ, ಅದು ಇನ್ನೊಂದು ಲಾಭ. ಹೊರಗೆ ಕಳಿಸುವುದೇ ಬೇಡ ಎಂದಾದರೆ ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಬಿಟ್ಟ ತರ್ಜುಮೆಯ ಎಐ ಇಂಡಿಕ್‌ಟ್ರಾನ್ಸ್2 ಇದೆ. ಮುಕ್ತ ತಂತ್ರಾಂಶ, 22 ಭಾಷೆ. ಅದರಲ್ಲಿ ಭಾರತೀಯ ಭಾಷೆಯಿಂದ ಭಾರತೀಯ ಭಾಷೆಗೆ ನೇರ ಹೋಗುವ ಮಾದರಿಯೂ ಉಂಟು. ಅದರ ಚಿಕ್ಕ ರೂಪ 8 ಜಿಬಿ ರ‍್ಯಾಮಿನ ಸಾಮಾನ್ಯ ಕಂಪ್ಯೂಟರಿನಲ್ಲಿ ನಿಧಾನವಾಗಿಯಾದರೂ ಓಡುತ್ತದೆ. ಉದ್ದ ವಾಕ್ಯದ ಬಾಲವನ್ನು ಅದು ಸದ್ದಿಲ್ಲದೆ ಕತ್ತರಿಸುತ್ತದೆ. ವಾಕ್ಯ ತುಂಡು ಮಾಡಿ ಎಂದು ಮೇಲೆ ಹೇಳಿದ್ದು ಇಲ್ಲಿ ಕಡ್ಡಾಯ.

ಗಡಿ ತರ್ಜುಮೆ

ದರದ ಬಗ್ಗೆ: ಪುಟಕ್ಕೆ ಇಷ್ಟು ಎಂಬ ಟೈಪಿಂಗ್ ಲೆಕ್ಕ ಇನ್ನು ನಿಲ್ಲುವುದಿಲ್ಲ, ಅದನ್ನು ಹಿಡಿದುಕೊಂಡು ಕೂರಬೇಡಿ. ಕಾಗದವನ್ನು ಎರಡು ರಾಶಿ ಮಾಡಿ. ಕರೆಂಟ್ ಹೋಗುವ ಸೂಚನೆ, ಗ್ರಾಮಸಭೆಯ ಆಮಂತ್ರಣ, ರೇಷನ್ ಕಾರ್ಡಿನ ಮೆಸೇಜು ಇವುಗಳನ್ನು ಜನ ಮೊಬೈಲಿನಲ್ಲೇ ಓದಿಸಿಕೊಳ್ಳಲಿ. ಕನ್ನಡ ಮಾತ್ರ ಬಲ್ಲ ಹಿರಿಯರು ಇಷ್ಟು ವರ್ಷ ಪ್ರತಿ ಚೀಟಿಗೂ ಯಾರನ್ನಾದರೂ ಕಾಯಬೇಕಿತ್ತು, ಅದು ತಪ್ಪಿತಲ್ಲ, ಒಳ್ಳೆಯದೇ. ಕೊನೆಯ ದಿನಾಂಕವನ್ನು ಮಾತ್ರ ಯಾರಲ್ಲಾದರೂ ಕೇಳಿ ಗಟ್ಟಿ ಮಾಡಿಕೊಳ್ಳಲು ಹೇಳಿ: 'ಅಗಂ' ಅಂದರೆ ಒಳಗೆ, 'ಮುದಲ್' ಅಂದರೆ ಅಂದಿನಿಂದ.

ಎರಡನೇ ರಾಶಿ ಹಕ್ಕು, ಹಣ, ಕೋರ್ಟು, ಮದ್ದು ಇರುವ ಕಾಗದ. ಇದಕ್ಕೆ 'ತಾಳೆ ನೋಡುವ ದರ' ಎಂದು ಬೋರ್ಡಿನಲ್ಲೇ ಬರೆಯಿರಿ, ತರ್ಜುಮೆ ಯಾರು ಮಾಡಿ ತಂದರೂ ಅದೇ ದರ. ನಾಲ್ಕು ಪುಟದ ಆಧಾರವನ್ನು ಮೇಲಿನ ಕ್ರಮದಲ್ಲಿ ನೋಡಲು ಇಬ್ಬರಿಗೆ ಒಂದು ಗಂಟೆಯಾದರೂ ಬೇಕು. ಆ ಗಂಟೆಗೇ ಹಣ ಕೇಳುವುದು ನ್ಯಾಯ.

ಗಿರಾಕಿ ಒಪ್ಪದಿದ್ದರೆ ಒಂದು ವಿಷಯ ತಿಳಿಸಿ: 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ಜಿಲ್ಲಾ ನ್ಯಾಯಾಂಗಕ್ಕೆ ಎಐ ಬಳಕೆಯ ನೀತಿ ಹೊರಡಿಸಿತು. ಎಐ ಮಾಡಿದ ತರ್ಜುಮೆಯನ್ನು ತರ್ಜುಮೆದಾರರು ಅಥವಾ ನ್ಯಾಯಾಧೀಶರೇ ಪರಿಶೀಲಿಸಬೇಕು ಎಂಬುದು ಅದರಲ್ಲಿದೆ. ಕೋರ್ಟೇ ಬರಿದೆ ನಂಬದ್ದನ್ನು ಜಾಗದ ವ್ಯವಹಾರದಲ್ಲಿ ನಂಬುವುದು ಹೇಗೆ? 'ನಿಜ ತರ್ಜುಮೆ' ಎಂದು ರುಜು ಹಾಕಿದವರೇ ಹೊಣೆ, ಯಂತ್ರಕ್ಕೆ ರುಜು ಇಲ್ಲ.

ಕುಂಬಳೆ ಡಿಟಿಪಿ

ಎಲ್ಲರಿಗೂ ತುಂಬ ಉಪಕಾರವಾಯಿತು. ಪಟ್ಟಿ ಇವತ್ತೇ ಶುರು ಮಾಡುತ್ತೇವೆ. ಹಳೆ ಕೈಬರಹದ ಕನ್ನಡ ದಸ್ತಾವೇಜಿನ ಬಗ್ಗೆ ಯಾರಾದರೂ ಹೇಳಿ. ಎಐ ಪೂರಾ ಓದಿ ಕೊಡುತ್ತದೆ, ಒಂದೂ ಖಾಲಿ ಬಿಡುವುದಿಲ್ಲ.

ಪೆರ್ಲ ಹಳೆಕಾಗದ

ಒಂದೂ ಖಾಲಿ ಬಿಡದಿದ್ದರೆ ಅದೇ ಎಚ್ಚರಿಕೆ. ಗೆದ್ದಲು ತಿಂದ ಜಾಗದಲ್ಲೂ ವಾಕ್ಯ ಬಂದಿದ್ದರೆ ಅದು ಓದಿದ್ದಲ್ಲ, ಊಹಿಸಿದ್ದು. "ಓದಲಾಗದ ಕಡೆ 'ಓದಲಾಗದು' ಎಂದೇ ಬರೆ, ಊಹಿಸಬೇಡ" ಎಂದು ಮೊದಲೇ ಹೇಳಿ. ಒಂದೇ ಪುಟವನ್ನು ಬೇರೆ ಬೇರೆ ಚಾಟಿನಲ್ಲಿ ಎರಡು ಸಲ ಓದಿಸಿ. ಎರಡು ಓದು ಬೇರೆಯಾದ ಕಡೆಯೆಲ್ಲ ನಿಮ್ಮ ಕಣ್ಣು ಬೇಕು. ಎರಡೂ ಒಂದೇ ಬಂದರೆ ಸರಿ ಎಂದೇನಲ್ಲ, ಅಂಕೆಗಳನ್ನು ಹೇಗೂ ನೀವೇ ಓದಬೇಕು.

ಇನ್ನು ಶಬ್ದಗಳು. ದಕ್ಷಿಣ ಕನ್ನಡದ ಭೂಮಿಯ ಭಾಷೆಯೇ ಬೇರೆ, ಅದು ಬೆಂಗಳೂರಿನ ಕನ್ನಡದಲ್ಲೂ ಇಲ್ಲ, ಮಲಯಾಳಂನಲ್ಲೂ ಇಲ್ಲ. 'ವರ್ಗ' ಅಂದರೆ ಹಿಡುವಳಿಯ ಖಾತೆ, ತರಗತಿಯಲ್ಲ. 'ಮೂಲಗೇಣಿ' ಶಾಶ್ವತ ಗೇಣಿ, 'ಚಾಲಗೇಣಿ' ವರ್ಷದಿಂದ ವರ್ಷಕ್ಕೆ ನಡೆಯುವುದು. ಎರಡನ್ನೂ ಬರೀ 'ಬಾಡಿಗೆ' ಎಂದು ಮಾಡಿದರೆ ಹಕ್ಕಿನ ಸ್ವರೂಪವೇ ಅಳಿದುಹೋಯಿತು. 'ಕುಮ್ಕಿ' ವರ್ಗಕ್ಕೆ ತಾಗಿದ ಸರಕಾರಿ ಜಾಗದಲ್ಲಿ ಸೊಪ್ಪು-ಸೌದೆಯ ಸೌಕರ್ಯ, ಅದನ್ನು ಸ್ವಂತ ಜಾಗ ಎಂದು ಬರೆಯಬಾರದು. ಬೈಲು, ಮಜಲು, ಬೆಟ್ಟು ಗದ್ದೆಯ ಮೂರು ತರ: ನೀರು ನಿಲ್ಲುವ ತಗ್ಗು, ನಡುವಿನದು, ಮಳೆಯನ್ನೇ ನಂಬಿದ ಮೇಲಿನದು. 'ಬೆಟ್ಟು' ಯಂತ್ರದ ಬಾಯಲ್ಲಿ ಬೆಟ್ಟವಾದರೆ ಗದ್ದೆ ಗುಡ್ಡವಾಗುತ್ತದೆ. ಗಡಿ ಹೇಳುವಲ್ಲಿ ಮೂಡು, ತೆಂಕು, ಪಡು, ಬಡಗು ಎಂದಿರುತ್ತದೆ. 'ಪಡು' ಪಶ್ಚಿಮ, ಕಷ್ಟಪಡುವುದಲ್ಲ. 'ಗೇಣಿ ಅಕ್ಕಿ ಮುಡಿ 10' ಎಂಬಲ್ಲಿ ಮುಡಿ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಅಳತೆ, ಮಲಯಾಳಂನಲ್ಲಿ 'ಮುಡಿ' ತಲೆಕೂದಲು. ಇವುಗಳನ್ನು ತರ್ಜುಮೆ ಮಾಡದೆ ಮಲಯಾಳಂ ಲಿಪಿಯಲ್ಲಿ ಹಾಗೇ ಬರೆದು, ಕೆಳಗೆ ಅಡಿಟಿಪ್ಪಣಿಯಲ್ಲಿ ವಿವರಿಸಿ.

ಇಷ್ಟು ಜಾಗ್ರತೆ ಯಾಕೆಂದರೆ 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಜಮೀನಿನ ಧಣಿಯ ಹಕ್ಕು ಸರಕಾರಕ್ಕೆ ಹೋಯಿತು, ಗೇಣಿದಾರರು ಲ್ಯಾಂಡ್ ಟ್ರಿಬ್ಯೂನಲಿನಿಂದ ಕ್ರಯ ಸರ್ಟಿಫಿಕೇಟು ಪಡೆದರು. ಅದರ ಹಿಂದಿನ ಕೊಂಡಿ ಹುಡುಕುವಾಗ ಈ ಹಳೆ ಗೇಣಿಚೀಟಿಯೇ ಬೇಕಾಗುತ್ತದೆ.

ತರ್ಜುಮೆಯ ಕೊನೆಗೆ ಒಂದು ಹಾಳೆ ಸೇರಿಸಿ: ಯಾವ ಪುಟ, ಯಾವ ಸಾಲು, ಯಾವ ಶಬ್ದ ಓದಲಾಗಲಿಲ್ಲ ಎಂದು. ಗಿರಾಕಿಯ ಮನೆಯ ಹಿರಿಯರ ಹತ್ತಿರ ಆ ಹಾಳೆ ಕೊಟ್ಟು ಕಳಿಸಿ. ಗದ್ದೆಯ ಹೆಸರು, ಕಟ್ಟಹುಣಿಯ (ಗದ್ದೆಯ ಬದು) ಹೆಸರು, ಪಕ್ಕದ ವರ್ಗದವರ ಮನೆ ಹೆಸರು ಅವರಿಗೆ ಬಾಯಲ್ಲೇ ಇರುತ್ತವೆ.