ಹೊಲದಾಗ ಸೋಯಾ ಬೆಳಿತೀವಿ, ಮನ್ಯಾಗ ದಿನಾ ತಿಂದ್ರ ಛಲೋನಾ?

ಕಾರಂಜಾ ದಂಡಿ (ಭಾಲ್ಕಿ ತಾಲೂಕು) ಕೇಳಿದ್ದು:

ಎಲ್ಲರಿಗೂ ಶರಣು ಶರಣಾರ್ಥಿ.

ನಾನು ಪ್ರೈಮರಿ ಸಾಲಿ ಟೀಚರ್. ನಮ್ದು ಐದು ಎಕರೆ ಕರಿ ಭೂಮಿ. ಮಿರಗ ಮಳಿ ಆದ ಮ್ಯಾಲ ಸೋಯಾ ಬಿತ್ತತೀವಿ, ನಾಲ್ಕು ಸಾಲಿಗಿ ಒಂದು ಸಾಲು ತೊಗರಿ. ದಸರಾ ಹೊತ್ತಿಗಿ ಸೋಯಾ ರಾಶಿ ಆಗ್ತದ, ರಾಶಿ ಆದ ವಾರದಾಗ ಚೀಲ ಎಲ್ಲಾ ಅಡತಿಗಿ ಹೋಗ್ತಾವ. ನಾ ಈ ಮನಿಗಿ ಬಂದು 16 ವರ್ಷ ಆಯ್ತು. ತೊಗರಿ ಮನಿಗಿ ಇಟ್ಕೋತೀವಿ, ಹೆಸರು ಇಟ್ಕೋತೀವಿ, ಜ್ವಾಳ ಇಟ್ಕೋತೀವಿ. ಸೋಯಾ ಒಂದು ಸೇರೂ ಇಟ್ಕೊಂಡಿದ್ದಿಲ್ಲ. ಅದು ರೊಕ್ಕದ ಬೆಳಿ, ಊಟದ್ದಲ್ಲ ಅಂತ ಎಲ್ಲರೂ ತಿಳ್ಕೊಂಡಿದ್ವಿ.

ಈ ವರ್ಷ ನನ್ನ ಮಗಳಿಗಿ 11 ತುಂಬ್ತು. ಆಟ ಆಡಿ ಬಂದ್ರ ಸಾಕು, ಕಟ್ಟಿ ಮ್ಯಾಲ ಕೂತು ಉಸಿರು ಬಿಡ್ತಾಳ. ರಕ್ತ ತೋರಿಸಿದ್ವಿ, ಹಿಮೋಗ್ಲೋಬಿನ್ 9.6 ಬಂತು. ಡಾಕ್ಟರ್ ಕಬ್ಬಿಣದ ಗುಳಿಗಿ ಬರದು, "ಊಟದಾಗ ಪ್ರೋಟೀನ್ ಹೆಚ್ಚು ಮಾಡ್ರಿ" ಅಂದ್ರು. ನಮ್ಮ ಮನ್ಯಾಗ ತತ್ತಿ ನಡಿಯಂಗಿಲ್ಲ. ಸಾಲಿಯೊಳಗ ತತ್ತಿ ಕೊಡೋ ದಿನ ನಮ್ಮ ಹುಡುಗಿ ಬಾಳಿಹಣ್ಣು ತಿಂತಾಳ. ಅವತ್ತು ರಾತ್ರಿ ಅಂಗಳದಾಗ ಇಟ್ಟಿದ್ದ ಸೋಯಾ ಚೀಲ ನೋಡ್ಕೋತ ಕೂತಾಗ ನನಗ ಭಾಳ ಸಂಕಟ ಆಯ್ತು. ಪ್ರೋಟೀನ್ ಅಂತ ಡಬ್ಬಿ ಪೌಡರ್ ತರಲಾಕ ಭಾಲ್ಕಿಗಿ ಹೋಗಬೇಕಾ, ಇದು ಇಲ್ಲೇ ಅದಲ್ಲ ಅಂತ.

ಮರುದಿನ ಎರಡು ಮುಟಗಿ ನೆನಿ ಹಾಕಿ, ಮಡಕಿ ಕಾಳಿನಂಗ ಪಲ್ಯಾ ಮಾಡಿದೆ. ಕುಕ್ಕರ್ ನಾಲ್ಕು ಸೀಟಿ ಹೊಡಿಸಿದ್ರೂ ಕಾಳು ಗಟ್ಟಿನೇ, ಹಸಿ ವಾಸನಿ ಬ್ಯಾರೆ. ರಾತ್ರಿ ಎಲ್ಲರಿಗೂ ಹೊಟ್ಟಿ ಉಬ್ಬರ. ಈಗ ಮನ್ಯಾಗ ಒಬ್ಬೊಬ್ಬರು ಒಂದೊಂದು ಮಾತು ಹೇಳ್ತಾರ:

ನೆಗೆಣ್ಣಿ: "ಸೋಯಾದಾಗ ಹೆಣ್ಣಿನ ಹಾರ್ಮೋನ್ ಇರ್ತದಂತ, ಹುಡುಗಿ ಲಗೂ ದೊಡ್ಡಾಕಿ ಆಗ್ತಾಳ."
ಅತ್ತಿ ಥೈರಾಯ್ಡ್ ಗುಳಿಗಿ ತೊಗೋತಾರ, ಅವರಿಗಿ ಯಾರೋ ಸೋಯಾ ಮುಟ್ಟಬ್ಯಾಡ್ರಿ ಅಂದಾರ.
ಮಾವನವರಿಗಿ ಎರಡು ವರ್ಷದ ಹಿಂದ ಸ್ಟೆಂಟ್ ಹಾಕ್ಯಾರ. ಅವರು "ಹಾರ್ಟಿಗಿ ಛಲೋ ಅಂತ, ನನಗ ದಿನಾ ಹಾಕು" ಅಂತಾರ.
ಮೈದುನ ಬೀದರ್‌ದಾಗ ಜಿಮ್‌ಗಿ ಹೋಗ್ತಾನ, ದಿನಾ 100 ಗ್ರಾಂ ಮೀಲ್‌ಮೇಕರ್ (ಅಂಗಡ್ಯಾಗ ಸಿಗೋ ಒಣ ಸೋಯಾ ಉಂಡಿ) ತಿಂತಾನ. ಅವನ ದೋಸ್ತರು ಗಂಡಸ್ತನ ಕಮ್ಮಿ ಆಗ್ತದ ಅಂತ ಅಂಜಿಸ್ಯಾರ.

ತಿಳಿದವರು ಬಿಡಿಸಿ ಹೇಳ್ರಿ. ವಾರದಾಗ ಎಷ್ಟು ಸಲ, ಎಷ್ಟು, ಯಾರು ತಿನ್ನಬಾರದು?

ತೊಗರಿ ಕಣಜ (ಕಲಬುರಗಿ) ಬರೆದದ್ದು:

ಅಕ್ಕೋರೆ, ನಮ್ಮ ಕಲಬುರಗಿ ತೊಗರಿಗಿ 2019ರಾಗ ಜಿಐ, ಅಂದ್ರ ಊರಿನ ಹೆಸರಿನ ವಿಶೇಷ ಬೆಳಿ ಅನ್ನೋ ಮಾನ್ಯತೆ ಸಿಕ್ಕದ. ದಿನಾ ಬ್ಯಾಳಿ, ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇದ್ರ ಸಾಕಲ್ಲರಿ? ನಮ್ಮ ಹಿರಿಯರು ಸೋಯಾ ತಿಂದಿಲ್ಲ, ಗಟ್ಟಿನೇ ಇದ್ರು. ಕೋಳಿಗಿ ಹಾಕೋ ಸೋಯಾ ಮಕ್ಕಳಿಗಿ ಯಾಕ?

ಬ್ರಹ್ಮಪುರ ಡಯಟಿಷಿಯನ್ (ಕಲಬುರಗಿ) ಬರೆದದ್ದು:

ಅಕ್ಕೋರೆ, ನಾನು ಆಸ್ಪತ್ರೆಯಲ್ಲಿ ಊಟದ ಸಲಹೆ ಕೊಡುವ ಕೆಲಸ ಮಾಡ್ತೀನಿ. ತವರು ಶಹಾಪುರ ಕಡೆ. ನಿಮ್ಮ ಪ್ರಶ್ನೆ ಓದಿ ನನ್ನ ಅವ್ವ ನೆನಪಾದಳು, ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಮಗಳ ಮಾತು. 9.6 ಅಂದ್ರೆ ಊಟ ಒಂದರಿಂದಲೇ ಏರಿಸುವ ಮಟ್ಟ ಅಲ್ಲ. ಗುಳಿಗಿ ಬಿಡಬೇಡ್ರಿ. ಹಾಲು-ಚಹಾದ ಜೊತೆ ಕೊಡಬೇಡ್ರಿ, ನಿಂಬೆಹುಳಿ ನೀರಿನ ಜೊತೆ ಕೊಡ್ರಿ. ಜಂತುಹುಳದ ಗುಳಿಗಿ ಕೊಟ್ಟು ಎಷ್ಟು ದಿನ ಆಯ್ತು ಅಂತ ಡಾಕ್ಟರಿಗೆ ಹೇಳ್ರಿ. ಸೋಯಾದಲ್ಲಿ ಕಬ್ಬಿಣ ಇದೆ, ಆದ್ರೆ ಕಾಳಿನಲ್ಲೇ ಇರೋ ಫೈಟಿಕ್ ಆಮ್ಲ ಅದನ್ನ ಹಿಡಿದಿಡ್ತದೆ. ಅದಕ್ಕೇ ಸೋಯಾ ಪಲ್ಯದ ಮೇಲೆ ನಿಂಬೆ ಹಿಂಡೋದು ರುಚಿಗಷ್ಟೇ ಅಲ್ಲ, ಅದರಲ್ಲಿರೋ ಸಿ ಜೀವಸತ್ವದಿಂದ ಕಬ್ಬಿಣ ಮೈಗೆ ಹತ್ತೋದು ಹೆಚ್ಚಾಗ್ತದೆ.

ಪ್ರೋಟೀನ್ ವಿಷಯದಲ್ಲಿ ಮಾತ್ರ ನಿಮ್ಮ ಯೋಚನೆ ನೂರಕ್ಕೆ ನೂರು ಸರಿ. 100 ಗ್ರಾಂ ತೊಗರಿ ಬ್ಯಾಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದ್ರೆ ಅಷ್ಟೇ ತೂಕದ ಒಣ ಸೋಯಾ ಕಾಳಿನಲ್ಲಿ ಸುಮಾರು 36 ಗ್ರಾಂ, ಎಣ್ಣೆ ತೆಗೆದು ಮಾಡಿದ ಮೀಲ್‌ಮೇಕರ್‌ನಲ್ಲಿ ಸುಮಾರು 52 ಗ್ರಾಂ. ಸಸ್ಯಾಹಾರದಲ್ಲಿ ಹಾಲು-ತತ್ತಿಯ ಗುಣಮಟ್ಟಕ್ಕೆ ಹತ್ತಿರ ಬರೋ ಪ್ರೋಟೀನ್ ಸೋಯಾದ್ದು. ಜ್ವಾಳದಲ್ಲಿ ಲೈಸಿನ್ ಅನ್ನೋ ಅಂಶ ಕಮ್ಮಿ. ಸೋಯಾದಲ್ಲಿ ಅದು ಹೇರಳ. ರೊಟ್ಟಿ ಜೊತೆ ಸೋಯಾ ಪಲ್ಯ ಅಂದ್ರೆ ಒಂದರ ಕೊರತೆಯನ್ನ ಇನ್ನೊಂದು ತುಂಬಿದಂಗೆ. ತೊಗರಿ ಕಣಜದ ಅಣ್ಣಾರೆ, ಬ್ಯಾಳಿನೂ ಇದೇ ಕೆಲಸ ಮಾಡ್ತದೆ, ಅದನ್ನ ಬಿಡ್ರಿ ಅಂತ ಯಾರೂ ಹೇಳ್ತಿಲ್ಲ. ಆದ್ರೆ ನಾನು ದಿನಾ ನೋಡೋ ಮಕ್ಕಳ ತಾಟಿನಲ್ಲಿ ಬ್ಯಾಳಿ ಅಂದ್ರೆ ನೀರು ಸಾರು. ಗಟ್ಟಿ ಬ್ಯಾಳಿ ಬಟ್ಟಲು ತುಂಬ ಹಾಕೋ ಮನೆ ಎಷ್ಟಿವೆ ಹೇಳ್ರಿ?

ಈಗ ಹಾರ್ಮೋನ್. ಸೋಯಾದಲ್ಲಿ ಐಸೋಫ್ಲೇವೋನ್ ಅನ್ನೋ ವಸ್ತು ಇದೆ. ಮೈಯಲ್ಲಿ ಈಸ್ಟ್ರೋಜನ್ (ಹೆಣ್ಣಿನ ಹಾರ್ಮೋನ್) ಕೂಡೋ ಜಾಗಕ್ಕೆ ಅದೂ ಹೋಗಿ ಕೂಡ್ತದೆ, ಆದ್ರೆ ಅದರ ಬಲ ಭಾಳ ಕಮ್ಮಿ. ಅಡಿಗೆಯಲ್ಲಿ ತಿನ್ನೋ ಪ್ರಮಾಣದ ಸೋಯಾದಿಂದ ಹೆಣ್ಣುಮಕ್ಕಳು ಬೇಗ ದೊಡ್ಡವರಾಗ್ತಾರೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ನಿಮ್ಮ ನೆಗೆಣ್ಣಿಗೆ ಸಮಾಧಾನ ಹೇಳ್ರಿ. ಮೈದುನಗೂ ಹೇಳ್ರಿ: 41 ಅಧ್ಯಯನಗಳನ್ನ ಒಟ್ಟುಗೂಡಿಸಿ 2021ರಲ್ಲಿ ನೋಡಿದಾಗ ಸೋಯಾದಿಂದ ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟಿರಾನ್ ಇಳಿದದ್ದು ಕಂಡಿಲ್ಲ. ಆದ್ರೆ ಅತಿ ಮಾಡಿದ್ರೆ ಬ್ಯಾರೆ ಮಾತು. ದಿನಕ್ಕೆ ಹೆಚ್ಚುಕಮ್ಮಿ 3 ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದ 60 ವರ್ಷದ ಒಬ್ಬರಿಗೆ ಎದೆ ಉಬ್ಬಿದ ಪ್ರಕರಣ 2008ರಲ್ಲಿ ದಾಖಲಾಗಿದೆ. ಬಿಟ್ಟ ಮೇಲೆ ಸರಿಹೋಯ್ತು. ನಿಮ್ಮ ಮೈದುನ 100 ಗ್ರಾಂ ಒಣ ಮೀಲ್‌ಮೇಕರ್ ಒಂದರಿಂದಲೇ 52 ಗ್ರಾಂ ಪ್ರೋಟೀನ್ ತೊಗೊಳ್ತಿದ್ದಾನೆ. ಸಾಮಾನ್ಯ ಮನುಷ್ಯನಿಗೆ ತೂಕದ ಕಿಲೋಗೆ 0.83 ಗ್ರಾಂ ಸಾಕು, ಅಂದ್ರೆ 60 ಕೆಜಿ ಇದ್ದವನಿಗೆ ಸುಮಾರು 50. ಕಸರತ್ತು ಮಾಡೋನಿಗೆ ಒಂದಿಷ್ಟು ಹೆಚ್ಚು ಬೇಕು, ಖರೆ. ಅದೆಲ್ಲಾ ಒಂದೇ ಡಬ್ಬಿಯಿಂದ ಬರಬೇಕಾಗಿಲ್ಲ. ಅರ್ಧ ಮಾಡಿ, ಉಳಿದದ್ದು ಬ್ಯಾಳಿ, ಮೊಸರು, ಶೇಂಗಾದಿಂದ ಬರಲಿ.

ಅತ್ತಿಯವರು ಸೋಯಾ ಬಿಡಬೇಕಾಗಿಲ್ಲ, ಹೊತ್ತು ನೋಡಿ ತಿಂದ್ರೆ ಆಯ್ತು. ಸೋಯಾ ಥೈರಾಯ್ಡ್ ಗುಳಿಗಿಯನ್ನ ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಹೋಗೋದನ್ನ ಕಮ್ಮಿ ಮಾಡಬಹುದು. ಗುಳಿಗಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನ ಜೊತೆ, ಚಹಾ ಅರ್ಧ-ಮುಕ್ಕಾಲು ತಾಸು ಬಿಟ್ಟು. ಸೋಯಾ ಮಧ್ಯಾಹ್ನಕ್ಕೋ ರಾತ್ರಿಗೋ. ಹೊಸದಾಗಿ ಶುರು ಮಾಡಿದ್ರೆ ಆರರಿಂದ ಎಂಟು ವಾರದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆ) ಒಮ್ಮೆ ತೋರಿಸ್ರಿ.

ಮಾವನವರ ಆಸೆಗೆ ಸ್ವಲ್ಪ ಕಡಿವಾಣ ಬೇಕು. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲಿ, ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ಹೃದಯಕ್ಕೆ ಒಳ್ಳೆಯದು ಅಂತ ಪೊಟ್ಟಣದ ಮೇಲೆ ಬರೆಯಲು ಬಿಟ್ಟಿತ್ತು. 2017ರಲ್ಲಿ ಅದೇ ಸಂಸ್ಥೆ, ಆಧಾರ ಒಂದೇ ರೀತಿ ಬರ್ತಿಲ್ಲ, ಆ ಮಾತು ಹಿಂತೆಗೀಬೇಕು ಅಂತ ಪ್ರಸ್ತಾಪ ಮಾಡಿತು. ಕೆಟ್ಟ ಕೊಲೆಸ್ಟ್ರಾಲ್ ನೂರಕ್ಕೆ ಮೂರು-ನಾಲ್ಕು ಪಾಲು ಇಳೀತದೆ, ಅಷ್ಟೇ. ಗುಳಿಗಿಯ ಜಾಗಕ್ಕೆ ಅದು ಬರಲ್ಲ. ಇನ್ನೊಂದು, ಸೋಯಾ ಎಣ್ಣೆಯಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ. ಸೋಯಾ ಎಣ್ಣೆಯಲ್ಲಿ ಭಜಿ ಕರಿದು ತಿಂದ್ರೆ ಅದು ಸೋಯಾ ತಿಂದಂಗಲ್ಲ.

ಮೂತ್ರಪಿಂಡದ ತೊಂದರೆಗೆ ಡಾಕ್ಟರ್ ಪ್ರೋಟೀನ್ ಕಡಿಮೆ ಮಾಡಿದವರು, ಮೂತ್ರಪಿಂಡದಲ್ಲಿ ಆಕ್ಸಲೇಟ್ ಅನ್ನೋ ಬಗೆಯ ಹರಳು ಪದೇ ಪದೇ ಆಗೋರು, ಸೋಯಾ ತಿಂದ್ರೆ ದದ್ದು-ಬಾವು ಬರೋರು, ಇವರು ಕೇಳದೇ ತಿನ್ನಬಾರದು. ಉಳಿದವರು ವಾರದಲ್ಲಿ ಮೂರು-ನಾಲ್ಕು ದಿನ, ಆಳಿಗೆ 25-30 ಗ್ರಾಂ ಒಣ ಕಾಳು ಅಥವಾ ಮೀಲ್‌ಮೇಕರ್, ಅಂದ್ರೆ ಒಂದು ಮುಟಗಿ. ಇದು ನಾನು ಹೇಳೋ ಲೆಕ್ಕ.

ನನ್ನ ಅವ್ವನ ಮಾತು. ಅವಳಿಗೆ ಸ್ತನದ ಕ್ಯಾನ್ಸರ್ ಆಗಿ ಆಪರೇಷನ್ ಆಯ್ತು. ಊರಿನವರು ಸೋಯಾ ವಿಷ ಅಂದ್ರು. ಅವಳು ಅದರ ಜೊತೆ ಹಾಲು, ಮೊಸರು, ಬ್ಯಾಳಿ ಎಲ್ಲಾ ಬಿಟ್ಟಳು. ಕಿಮೋ ನಡೆಯುವಾಗ 9 ಕೆಜಿ ಇಳಿದಳು. ನಾನಾಗ ಕಾಲೇಜು ಹುಡುಗಿ, ನನಗೇನೂ ಗೊತ್ತಿರಲಿಲ್ಲ. ಕ್ಯಾನ್ಸರ್ ಆಗಿ ಗುಣವಾದವರಿಗೂ ಸೋಯಾ ಆಹಾರ ಸುರಕ್ಷಿತ ಅಂತಲೇ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಹೇಳ್ತದೆ. ಪೌಡರ್, ಮಾತ್ರೆ ರೂಪದ ಐಸೋಫ್ಲೇವೋನ್ ಬ್ಯಾರೆ, ಅದನ್ನ ತೊಗೋಬಾರದು. ಅವ್ವಗೆ ಇದನ್ನ ಹೇಳೋರು ಆಗ ಯಾರೂ ಇರಲಿಲ್ಲ. ಈಗಲೂ ವಾರಕ್ಕೊಬ್ಬರಾದರೂ ಇದೇ ಅಂಜಿಕೆ ಹೊತ್ಕೊಂಡು ನನ್ನ ಮುಂದೆ ಬಂದು ಕೂಡ್ತಾರೆ.

ಔರಾದ ರೈತ ಬರೆದದ್ದು:

ಅಕ್ಕಾ, ಊಟದ ಮಾತು ಡಯಟಿಷಿಯನ್ ಅಕ್ಕಾರು ಹೇಳ್ಯಾರ. ನಾ ಹೊಲದ ಮಾತು ಹೇಳ್ತೀನಿ, ಇದು ಜೀವದ ಮಾತು. ಬಿತ್ತನಿಗಿ ತಂದ ಬೀಜ ಉಳಿದದ್ದು ಎಂದೂ ಅಡಿಗಿಗಿ ಹಾಕಬ್ಯಾಡ್ರಿ. ಅದಕ್ಕ ಬೀಜೋಪಚಾರ ಅಂತ ಔಷಧ ಹಚ್ಚಿರ್ತಾರ, ಕೆಂಪು-ಗುಲಾಬಿ ಬಣ್ಣ ಹತ್ತಿರ್ತದ, ಅದು ವಿಷ. ತೊಳದ್ರ ಹೋಗಂಗಿಲ್ಲ. ಆ ಖಾಲಿ ಚೀಲದಾಗ ಊಟದ ಕಾಳು ತುಂಬಲೂಬಾರದು. ನಮ್ಮೂರಾಗ ಒಬ್ಬರು ಮುದುಕಿ ಹುರದು ತಿಂದು ದವಾಖಾನಿ ಸೇರಿದ್ರು.

ಎರಡನೇದು, ರಾಶಿ ಟೈಮಿಗಿ ಮಳಿ ಹತ್ತಿದ ಕಾಳು, ಕಪ್ಪಾದದ್ದು, ಬೂಸಲು ಬಂದದ್ದು ಬ್ಯಾಡ. ಊಟಕ್ಕ ಇಡೋದು ಬಿಸಿಲಿಗಿ ಒಣಗಿದ ಹೊಳಿಯೋ ಕಾಳು, ಕೈಯಲೆ ಆರಿಸಿ ಇಡ್ರಿ. ಹೊಲದ ಒಂದು ಮೂಲಿ ಊಟಕ್ಕಂತ ಬಿಟ್ಟು, ಅಲ್ಲಿ ಕೊನಿ ಕೊನಿಗಿ ಔಷಧ ಹೊಡೀಬ್ಯಾಡ್ರಿ. ನಾ ಮೂರು ವರ್ಷದಿಂದ ಹಂಗೇ ಮಾಡ್ಲಾಕತ್ತೀನಿ.

ಕಣಜದ ಅಣ್ಣಾ, ಕೋಳಿ ತಿನ್ನೋದು ಎಣ್ಣಿ ತೆಗೆದ ಹಿಂಡಿ. ಒಂದು ಕ್ವಿಂಟಾಲ್ ಸೋಯಾಕ್ಕ ಎಣ್ಣಿ ಬರೋದು 18 ಕೆಜಿ ಅಷ್ಟೇ, ಉಳಿದದ್ದು ಹೆಚ್ಚಾಗಿ ಹಿಂಡಿ ಆಗ್ತದ, ಅದರಾಗ ಭಾಳಷ್ಟು ಕೋಳಿಗಿ ಹೋಗ್ತದ. ಕೋಳಿ ಬ್ಯಾರೆ ಕಾಳಿನ ಜೋಡಿ ಅದನ್ನ ತಿಂದು ಒಂದೂವರಿ ತಿಂಗಳದಾಗ ಎರಡು ಕೆಜಿ ಆಗ್ತದ. ಅದರಾಗ ಕಸುವು ಎಷ್ಟದ ಅಂತ ನೀವೇ ತಿಳ್ಕೋರಿ.

ಹಾಸ್ಟೆಲ್ ಅಡಿಗಿ (ಯಾದಗಿರಿ) ಬರೆದದ್ದು:

ತಂಗಿ, ಅಡಿಗಿ ಒಳಗ ತಪ್ಪಿದ್ದಕ್ಕ ಹೊಟ್ಟಿ ಉಬ್ಬರ ಆಗ್ಯದ. ನಾ 80 ಹುಡುಗಿಯರಿಗಿ ಮಾಡಿ ಹಾಕ್ತೀನಿ. ರಾತ್ರಿ ಪೂರಾ ನೆನಿಬೇಕು, ಆ ನೀರು ಚೆಲ್ಲು. ಬ್ಯಾರೆ ನೀರು ಕುದಿಯೋವಾಗ ಕಾಳು ಅದರಾಗ ಹಾಕು, ತಣ್ಣೀರಾಗ ಇಟ್ಟು ಕಾಸಬ್ಯಾಡ. ಕುದಿಯೋ ನೀರಾಗ ಬಿದ್ರ ಹಸಿ ವಾಸನಿ ಹೋಗ್ತದ. ಹತ್ತು ನಿಮಿಷಕ್ಕ ಆ ನೀರೂ ಚೆಲ್ಲಿ, ಕೈಯಾಗ ತಿಕ್ಕಿ ಸಿಪ್ಪಿ ತೆಗೆ. ಆಮ್ಯಾಲ ಕುಕ್ಕರಿಗಿ ಹಾಕಿ ಸಣ್ಣ ಉರಿ ಮ್ಯಾಲ ಅರ್ಧ ತಾಸು. ಬೆರಳಿನಾಗ ಹಿಚುಕಿದ್ರ ಮೆತ್ತಗಾಗಬೇಕು. ಅರೆ ಬೆಂದ ಸೋಯಾ ಪಚನ ಆಗಂಗಿಲ್ಲ.

ಮೀಲ್‌ಮೇಕರ್ ಆದ್ರ ಉಪ್ಪು ನೀರಾಗ ಕುದಿಸಿ, ತಣ್ಣೀರಾಗ ಹಾಕಿ, ಮೂರು ಸಲ ಹಿಂಡು. ನೊರಿ ಹೋಗೋ ತನಕ ಹಿಂಡು. ಆಮ್ಯಾಲ ಎಣ್ಣಿಗಾಯಿ ಮಸಾಲಿ, ಅಂದ್ರ ಶೇಂಗಾ, ಎಳ್ಳು, ಕಾರೆಳ್ಳು, ಹುಣಸಿಹುಳಿ, ಇಷ್ಟು ರುಬ್ಬಿ ಹಾಕು. ಬದನಿಕಾಯಿ ಅರ್ಧ, ಮೀಲ್‌ಮೇಕರ್ ಅರ್ಧ. ನಮ್ಮ ಹುಡುಗಿಯರು ಇನ್ನೊಂದು ರೊಟ್ಟಿ ಕೇಳಿ ಹಾಕಿಸ್ಕೋತಾರ.

ಕಾರಂಜಾ ದಂಡಿ ಮತ್ತೆ ಬರೆದದ್ದು (ಏಳು ವಾರದ ನಂತರ):

ಎಲ್ಲರಿಗೂ ಶರಣು. ಉತ್ತರ ಬರೆಯಲಾಕ ತಡ ಆಯ್ತು, ಟೆಸ್ಟ್ ಬರೋ ತನಕ ಕಾಯ್ದೆ.

ಔರಾದ ಅಣ್ಣಾರ ಮಾತು ಓದಿ ಅವತ್ತೇ ಮಾಳಿಗಿ ಮ್ಯಾಲ ನೋಡಿದೆ. ಬಿತ್ತಿ ಉಳಿದ ಗುಲಾಬಿ ಬೀಜ ನಾಲ್ಕು ಕೆಜಿ, ಜ್ವಾಳದ ಚೀಲದ ಬಾಜೂಕೇ ಇತ್ತು. ನನ್ನ ಕೈಕಾಲು ತಣ್ಣಗಾದವು. ಮಾವನವರು ಹೊಲದಾಗ ತೆಗ್ಗು ತೋಡಿ ಹೂತು ಬಂದ್ರು.

ಹಾಸ್ಟೆಲ್ ಅಕ್ಕಾ ಹೇಳಿದಂಗ ಮಾಡಿದ ಮ್ಯಾಲ ಉಬ್ಬರ ಇಲ್ಲ. ಎಣ್ಣಿಗಾಯಿ ವಾರದಾಗ ಎರಡು ಸಲ ನಡೀತದ. ಹಿಟ್ಟಿಗೂ ಹಾಕೋಣ ಅಂತ, ಕಾಳು ಕುದಿಸಿ, ಸಿಪ್ಪಿ ತೆಗೆದು, ಒಣಗಿಸಿ ಗಿರಣಿಗಿ ಒಯ್ದೆ. ಗಿರಣಿಯವರು "ಸೋಯಾ ಒಂದೇ ಬೀಸಿದ್ರ ಎಣ್ಣಿ ಬಿಟ್ಟು ಕಲ್ಲಿಗಿ ಹತ್ತತದ" ಅಂತ ಒಪ್ಪಲಿಲ್ಲ. 9 ಕೆಜಿ ಗೋಧಿಗಿ 1 ಕೆಜಿ ಸೋಯಾ ಕಲಿಸಿ ಒಯ್ದ ಮ್ಯಾಲ ಬೀಸಿ ಕೊಟ್ರು. ಚಪಾತಿ ಮೆತ್ತಗ ಬರ್ತಾವ, ವಾಸನಿ ಯಾರಿಗೂ ಗೊತ್ತಾಗಂಗಿಲ್ಲ. ಜ್ವಾಳಕ್ಕ ಕಲಿಸಿದ್ರ ಮಾತ್ರ ರೊಟ್ಟಿ ಬಡಿಯೋವಾಗ ಅಂಚು ಸೀಳ್ತಾವ, ಅದಕ್ಕ ಬಿಟ್ಟೆ.

ಅತ್ತಿ ಗುಳಿಗಿ ಚಹಾದ ಜೊತೀನೇ ನುಂಗ್ತಿದ್ರು, ಇಷ್ಟು ವರ್ಷ ನಾವ್ಯಾರೂ ನೋಡಿದ್ದೇ ಇಲ್ಲ. ಈಗ ಐದು ಗಂಟೇಕ ಎದ್ದು ನೀರಿನ ಜೊತಿ ತೊಗೋತಾರ. ಟಿಎಸ್‌ಎಚ್ ಸರಿ ಬಂದದ. ಮೈದುನ 50 ಗ್ರಾಂಗಿ ಇಳಿಸ್ಯಾನ.

ಮಗಳದು 11.1 ಆಗ್ಯದ. ಗುಳಿಗಿಯಿಂದ ಎಷ್ಟು, ಊಟದಿಂದ ಎಷ್ಟು ನನಗ ಗೊತ್ತಿಲ್ಲ. ಡಾಕ್ಟರ್ ಇನ್ನೂ ಮೂರು ತಿಂಗಳು ಗುಳಿಗಿ ನಡೀಲಿ ಅಂದಾರ, ನಡಸ್ತೀನಿ. ಡಯಟಿಷಿಯನ್ ಅಕ್ಕಾ, ನಿಮ್ಮ ಅವ್ವನವರು ಈಗ ಹ್ಯಾಂಗಿದ್ದಾರ? ಈ ಸಲ ರಾಶಿ ಆದ ಮ್ಯಾಲ ಮಾವನವರು 20 ಕೆಜಿ ಆರಿಸಿ ಬ್ಯಾರೆ ಇಟ್ಟಾರ. ಕಲಬುರಗಿಗಿ ಬಂದಾಗ ನಿಮಗ ಒಂದು ಗಂಟು ತರ್ತೀನಿ.