ಘಾಟ್ ಏರುವಾಗಷ್ಟ ಹೀಟ್: ಫ್ಯಾನ್ ಕ್ಲಚ್ ಬದಲಿ ಮಾಡೂದು ಹೆಂಗ?

ಜಮಖಂಡಿ ಲೋಡ್:
ಡೀಸೆಲ್ ಪಿಕಪ್ ಐತ್ರಿ, ಬೆಲ್ಟ್ ಮ್ಯಾಲೆ ತಿರುಗೋ ವಿಸ್ಕಸ್ ಫ್ಯಾನ್ (ನಡುವ ಎಣ್ಣಿ ತುಂಬಿದ ಕ್ಲಚ್ ಇರತೈತಿ, ಬಿಸಿ ಏರಿದಾಗ ಅದು ಫ್ಯಾನ್ ಹಿಡದು ಜೋರ ತಿರುಗಸತೈತಿ). ಹೈವೇದಾಗ 80ರಾಗ ಹೊಂಟ್ರ ಹೀಟ್ ಮೀಟರಿನ ಕಾಟಾ ನಡುವ ನಿಲ್ಲತೈತಿ. ಲೋಡ್ ಹಾಕ್ಕೊಂಡು ಚೋರ್ಲಾ ಘಾಟ್ ಏರುವಾಗ, ಇಲ್ಲಾ ಎಸಿ ಹಾಕಿ ನಿಂತಾಗ ಕೆಂಪಿಗೆ ಹೋಗತೈತಿ. ಕೂಲಂಟ್ ಕಡಿಮಿ ಆಗಿಲ್ಲ. ಒಬ್ಬ ಮಿಸ್ತ್ರಿ ಕ್ಲಚ್ ಹೋಗೇತಿ ಅಂತಾನ, ಇನ್ನೊಬ್ಬ ಬೋಲ್ಟ್ ಹೊಡದು ಜಾಮ್ ಮಾಡ್ರಿ ಅಂತಾನ. ಯಾವುದು ಖರೆ?

ಎರಿಮಣ್ಣು:
ಲಕ್ಷಣ ಕ್ಲಚ್ಚಿನದ. ಸ್ಪೀಡಿನ್ಯಾಗ ಎದುರುಗಾಳಿ ರೇಡಿಯೇಟರ್ ತಂಪು ಮಾಡತೈತಿ, ನಿಧಾನ ಹೋಗುವಾಗ ಫ್ಯಾನ್ ಒಂದ ಗತಿ. ಹೈವೇದಾಗೂ ಕಾಯ್ದಿದ್ರ ಥರ್ಮೋಸ್ಟಾಟ್ (ಕೂಲಂಟ್ ಹರಿಯಾಕ ಬಿಡೂ ವಾಲ್ವ್), ರೇಡಿಯೇಟರ್ ಕಟ್ಟಿದ್ದು, ವಾಟರ್ ಪಂಪ್ ನೋಡ್ರಿ ಅಂತಿದ್ದೆ.

ಎಂಜಿನ್ ಬಂದ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಫ್ಯಾನ್ ಕೈಲೆ ತಿರುಗಿಸಿ ನೋಡ್ರಿ. ಒಮ್ಮೆ ತಳ್ಳಿದ್ರ ಮೂರು-ನಾಲ್ಕು ಸುತ್ತು ಪುಕ್ಕಟೆ ಹೊಡದ್ರ ಒಳಗಿನ ಸಿಲಿಕಾನ್ ಎಣ್ಣಿ ಹೋಗೇತಿ. ಬಿಸಿ ಇದ್ದಾಗ ತಂಪಿಗಿಂತ ಬಿಗಿ ಇರಬೇಕು. ಕ್ಲಚ್ಚಿನ ಮೂತಿ ಮ್ಯಾಲೆ, ಸುರುಳಿ ಸ್ಪ್ರಿಂಗ್ ಸುತ್ತ, ನಡುವಿನಿಂದ ಅಂಚಿಗೆ ಧೂಳು ಮೆತ್ತಿದ ಜಿಡ್ಡಿನ ಗೆರಿ ಇದ್ರ ಸೋರಿಕೆ ಖಾತ್ರಿ. ಕಾಟಾ ಏರುವಾಗ ಫ್ಯಾನ್ ಭೋರ್ ಅನ್ನಬೇಕು, ಅನ್ನದಿದ್ರ ಕ್ಲಚ್ ಹಿಡಿಯವಲ್ದು.

ಬಿಚ್ಚೂಕಿಂತ ಮೊದಲ ಕಂಡೆನ್ಸರ್ (ಮುಂದಿನ ಎಸಿ ಜಾಲಿ) ಮತ್ತ ರೇಡಿಯೇಟರ್ ನಡುವಿನ ಸಂದಿಯೊಳಗ ಟಾರ್ಚ್ ಬಿಡ್ರಿ. ನಮ್ಮ ಕಡೆ ಕಬ್ಬಿನ ರವದಿ ತುಣುಕು, ಹತ್ತಿ ನಾರು, ಎರಿ ಧೂಳು ಅಲ್ಲೇ ಗಟ್ಟಿಯಾಗಿ ಕೂತಿರತಾವು. ಎಂಜಿನ್ ಕಡೆಯಿಂದ ಮುಂದಕ್ಕ ಮೆಲ್ಲಕ ನೀರು ಹೊಡೀರಿ. ಪ್ರೆಶರ್ ವಾಶರ್ ಹಚ್ಚಿದ್ರ ಫಿನ್ (ಜಾಲಿಯ ತೆಳು ತಗಡು) ಮಡಚತಾವು. ಎಷ್ಟೋ ಕ್ಲಚ್ಚುಗಳು ಈ ಕಸಕ್ಕ ಬಲಿಯಾಗ್ಯಾವು, ತಪ್ಪಿಲ್ಲದ.

36ರ ಪಾನಾ:
ಬೋಲ್ಟ್ ಹೊಡಿಯೂ ಮಾತು ಬ್ಯಾಡ್ರಿ. ಜಾಮ್ ಮಾಡಿದ್ರ ಫ್ಯಾನ್ ಯಾವಾಗಲೂ ಅದು ಕೂತಿರೂ ವಾಟರ್ ಪಂಪಿನ ಪೂರಾ ಸ್ಪೀಡಿನ್ಯಾಗ ತಿರುಗತೈತಿ. ಎವರೇಜ್ ಬೀಳತೈತಿ, ವಾಟರ್ ಪಂಪ್ ಬೇರಿಂಗ್ ಮ್ಯಾಲೆ ಭಾರ ಬೀಳತೈತಿ, ಹಳೆ ಪ್ಲಾಸ್ಟಿಕ್ ಎಲಿ ಮುರದ್ರ ಸೀದಾ ರೇಡಿಯೇಟರಿಗೆ ಹೋಗತೈತಿ.

ಬದಲಿ ಮನ್ಯಾಗ ಆಗತೈತಿ. ಎಂಜಿನ್ ಪೂರ್ತಿ ತಂಪಿರಲಿ. ಶ್ರೌಡ್ (ಫ್ಯಾನ್ ಸುತ್ತಿನ ಕವಚ) ಬೋಲ್ಟ್ ಬಿಚ್ಚಿ ಹಿಂದಕ್ಕ ಸರಸ್ರಿ, ರೇಡಿಯೇಟರಿಗೆ ದಪ್ಪ ರಟ್ಟು ಅಡ್ಡ ಇಡ್ರಿ. ಕೆಲವು ಗಾಡಿಗೆ ಪುಲ್ಲಿ ಮ್ಯಾಲೆ ನಾಲ್ಕು ನಟ್ಟು, ಅದು ಸರಳ. ನಡುವ ಒಂದ ದೊಡ್ಡ ನಟ್ಟಿದ್ರ ಸಾಮಾನ್ಯವಾಗಿ 32 ಇಲ್ಲಾ 36 ಪಾನಾ ಬೇಕು. ಹೊಸ ಕ್ಲಚ್ಚಿಗೆ ಫ್ಯಾನ್ ಕೂಡಿಸುವಾಗ ಎಲಿಯ ಮುಖ ಹಳೇದರಂಗ ಇರಲಿ, ಉಲ್ಟಾ ಆದ್ರ ಗಾಳಿ ಜಗ್ಗೂದು ಕಡಿಮಿ ಆಗತೈತಿ.

ಹಳೇದು ಹೊರಗ ಬಂದಾಗ ಪಂಪ್ ಶಾಫ್ಟ್ ಹಿಡದು ಅಲುಗಾಡಿಸ್ರಿ. ಆಟ ಇದ್ರ, ಇಲ್ಲಾ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕೂಲಂಟ್ ಕಲೆ ಇಳದಿದ್ರ, ಪಂಪೂ ಬದಲಿ ಮಾಡ್ರಿ. ಅದನ್ನ ಬಿಟ್ರ ಹೊಸ ಕ್ಲಚ್ಚೂ ಬಾಳಿಕಿ ಬರೂದಿಲ್ಲ.

ಜಮಖಂಡಿ ಲೋಡ್:
ಮೂರು ಸುತ್ತು ಪುಕ್ಕಟೆ ತಿರುಗತೈತ್ರಿ, ಜಿಡ್ಡೂ ಐತಿ. 36ರ ನಟ್ಟು ಅಲುಗವಲ್ದು. ಪುಲ್ಲೀನ ತಿರುಗಾಕ ಹತ್ತೇತಿ.

36ರ ಪಾನಾ:
ಯಾವ ಕಡೆ ತಿರುಗಸ್ತೀರಿ? ಚೂಡಿ (ನಟ್ಟಿನ ಥ್ರೆಡ್) ಸಾಮಾನ್ಯವಾಗಿ ಎಂಜಿನ್ ಓಡಿದಂಗ ತಾನ ಬಿಗಿಯಾಗೂ ಹಂಗ ಇರತೈತಿ. ಅದಕ್ಕ ಫ್ಯಾನ್ ಯಾವ ದಿಕ್ಕಿಗೆ ತಿರುಗತೈತೋ ಆ ದಿಕ್ಕಿಗೇ ನಟ್ಟು ಬಿಚ್ಚತೈತಿ. ಎದುರು ನಿಂತು ನೋಡಿದ್ರ ಫ್ಯಾನ್ ಗಡಿಯಾರದಂಗ ತಿರುಗಿದ್ರ ಅದು ಉಲ್ಟಾ ಚೂಡಿ. ಪುಲ್ಲಿ ಹಿಡಿಯಾಕ ಅದರ ಎರಡು ಬೋಲ್ಟಿಗೆ ಅಡ್ಡ ಕಬ್ಬಿಣದ ಪಟ್ಟಿ ಕೊಡ್ರಿ, ಎಲಿಗೆ ಕಟ್ಟಿಗಿ ಚುಚ್ಚಬ್ಯಾಡ್ರಿ. ತುಕ್ಕಿನ ಎಣ್ಣಿ ಹೊಡದು ಸ್ವಲ್ಪ ಹೊತ್ತು ಬಿಟ್ಟು, ಪಾನಾದ ತುದಿಗೆ ಸುತ್ತಿಗಿಲೆ ಒಂದು ಚುರುಕ ಪೆಟ್ಟು. ಎಳೆಯೂದಕ್ಕಿಂತ ಪೆಟ್ಟಿಗೆ ಬಿಡತೈತಿ. ವಾಪಸ್ ಹಾಕುವಾಗ ಚೂಡಿ ಕೈಲೆ ಹತ್ತಲಿ, ಆಮ್ಯಾಗ ಪಾನಾ.

ಎರಿಮಣ್ಣು:
ಹೊಸ ಕ್ಲಚ್ ಅಂಗಡಿಯಿಂದ ತರುವಾಗ ಮಲಗಿಸಬ್ಯಾಡ್ರಿ, ಗಾಡ್ಯಾಗ ಇರೂ ಹಂಗ ನಿಲ್ಲಿಸಿ ಇಡ್ರಿ. ಮಲಗಿಸಿದ್ರ ಎಣ್ಣಿ ಜಾಗಾ ಬಿಟ್ಟು ಹರೀತೈತಿ, ಸೋರಲೂಬಹುದು. ಮುಂಜಾನೆ ಮೊದಲ ಸ್ಟಾರ್ಟಿಗೆ ಒಂದೆರಡು ನಿಮಿಷ ಭೋರ್ ಅಂದ್ರ ಅಂಜಬ್ಯಾಡ್ರಿ, ಎಣ್ಣಿ ತನ್ನ ಜಾಗಕ್ಕ ಹೋಗೂ ತನಕ ಹಂಗ. ಬೆಚ್ಚಗಾದ ಮ್ಯಾಲೂ ಖಾಲಿ ರೋಡಿನ್ಯಾಗ ಗದ್ದಲ ನಿಲ್ಲಲಿಲ್ಲ ಅಂದ್ರ ಕ್ಲಚ್ ಜಾಮ್ ಆಗೇತಿ, ವಾಪಸ್ ಕೊಡ್ರಿ. ಮತ್ತ ಶ್ರೌಡ್ ಬಿಟ್ಟು ಗಾಡಿ ಓಡಿಸಬ್ಯಾಡ್ರಿ, ಅದಿಲ್ಲದಿದ್ರ ಫ್ಯಾನ್ ಬಿಸಿ ಗಾಳೀನ ಸುತ್ತಿ ಸುತ್ತಿ ಜಗ್ಗತೈತಿ.