ಗಂಡ ಡೆಟ್ರಾಯಿಟ್‌ನಲ್ಲಿ, ಹೆಂಡತಿ ಕುಂಬಳೆಯಲ್ಲಿ: ಕೆನಡಾ ಪಿಆರ್‌ಗೆ (ಕಾಯಂ ವಾಸದ ಹಕ್ಕಿಗೆ) ಅರ್ಜಿ ಹಾಕುವುದು ಹೇಗೆ?

ಕುಂಬಳೆಯಣ್ಣ:
ತಂಗಿಯ ಮದುವೆ ಮೇ ತಿಂಗಳಲ್ಲಿ ಮಂಗಳೂರಿನ ಹಾಲ್‌ನಲ್ಲಿ ಆಯಿತು. ಎರಡೂ ಮನೆಯವರು ಕಾಸರಗೋಡಿನವರೇ. ಭಾವನಿಗೆ ಕೆನಡಾದ ಪಾಸ್‌ಪೋರ್ಟ್ ಇದೆ, ಆದರೆ ಈಗ ಟಿಎನ್ ಎಂಬ ತಾತ್ಕಾಲಿಕ ಕೆಲಸದ ಪರವಾನಗಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕೆಲಸ, ಬಾಡಿಗೆ ಮನೆಯೂ ಅಲ್ಲೇ. ನದಿ ದಾಟಿದರೆ ಕೆನಡಾದ ವಿಂಡ್ಸರ್. ಕೊನೆಗೆ ಕೆನಡಾದಲ್ಲೇ ನೆಲೆಸುವುದು ಅಂತ ಇಬ್ಬರದೂ ತೀರ್ಮಾನ. ಅಮೆರಿಕದಲ್ಲಿ ಕೂತು ಕೆನಡಾಕ್ಕೆ ಹೆಂಡತಿಯನ್ನು ಸ್ಪಾನ್ಸರ್ ಮಾಡಬಹುದಾ, ಅಂದರೆ ಹೊಣೆ ಹೊತ್ತು ಕರೆಸಿಕೊಳ್ಳಬಹುದಾ? ಕೆಲಸ ಬಿಟ್ಟು ವಾಪಸ್ ಹೋಗಲೇಬೇಕಾ? ಪಿಆರ್ ಆಗುವವರೆಗೆ ತಂಗಿ ಡೆಟ್ರಾಯಿಟ್‌ನಲ್ಲಿ ಇರಬಹುದಾ? ಇನ್ನೊಂದು ತೊಂದರೆ: ಮದುವೆ ನೋಂದಣಿಗೆ ಹೋದರೆ ನಮ್ಮ ಪಂಚಾಯತಿನಲ್ಲಿ ಆಗುವುದಿಲ್ಲ ಅಂದರು. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ವಿಂಡ್ಸರ್ ಭಟ್:
ಸ್ಪಾನ್ಸರ್ ಮಾಡಬಹುದು. ಕೆನಡಾದ ಪೌರರು ಹೊರದೇಶದಲ್ಲಿದ್ದುಕೊಂಡೇ ಗಂಡ ಅಥವಾ ಹೆಂಡತಿಗೆ ಅರ್ಜಿ ಹಾಕಬಹುದು. ಬರೀ ಪಿಆರ್ ಇರುವವರಿಗೆ ಆ ಅವಕಾಶ ಇಲ್ಲ, ಅವರು ಕೆನಡಾದಲ್ಲೇ ವಾಸ ಇರಬೇಕು. ಟಿಎನ್ ಸಿಗುವುದು ಕೆನಡಾ, ಮೆಕ್ಸಿಕೋ ಪೌರರಿಗೆ ಮಾತ್ರ, ಹಾಗಾಗಿ ನಿಮ್ಮ ಭಾವನ ವಿಷಯದಲ್ಲಿ ಆ ಸಂಶಯವೇ ಇಲ್ಲ.

ಷರತ್ತು ಒಂದಿದೆ. ತಂಗಿಗೆ ಪಿಆರ್ ಆಗುವ ಹೊತ್ತಿಗೆ ಭಾವ ಕೆನಡಾದಲ್ಲಿ ವಾಸ ಮಾಡುತ್ತಾರೆ ಎಂಬುದನ್ನು ತೋರಿಸಬೇಕು. "ವಾಪಸ್ ಬರುತ್ತೇನೆ" ಎಂದು ಒಂದು ಪತ್ರ ಬರೆದಿಟ್ಟರೆ ಸಾಲದು. ವಿಂಡ್ಸರ್ ಕಡೆ ಕೆಲಸಕ್ಕೆ ಹಾಕಿದ ಅರ್ಜಿಗಳು, ಸಿಕ್ಕಿದ್ದರೆ ಆಫರ್ ಲೆಟರ್, ಮನೆ ಬಾಡಿಗೆ ಕರಾರು, ಚಾಲ್ತಿಯಲ್ಲಿರುವ ಕೆನಡಾದ ಬ್ಯಾಂಕ್ ಖಾತೆ, ಡೆಟ್ರಾಯಿಟ್ ಮನೆಯ ಕರಾರು ಮುಗಿಯುವ ದಿನ, ಯಾವ ತಿಂಗಳಲ್ಲಿ ಏನು ಎಂಬ ಯೋಜನೆ, ಇಷ್ಟನ್ನು ಜೊತೆಗಿಡಿ. ಅತ್ತ ಟಿಎನ್ ಮೊನ್ನೆಯಷ್ಟೇ ಮೂರು ವರ್ಷಕ್ಕೆ ನವೀಕರಣವಾಗಿ, ಅಮೆರಿಕದ ಗ್ರೀನ್ ಕಾರ್ಡ್‌ಗೂ ಕಡತ ಓಡುತ್ತಿದ್ದರೆ ಅಧಿಕಾರಿ ಈ ಯೋಜನೆಯನ್ನು ನಂಬುವುದು ಕಷ್ಟ.

ಇದಕ್ಕಿಂತ ಸುಲಭದ ದಾರಿ ನಿಮ್ಮ ಭಾವನಿಗೆ ಇದೆ. ನೋಡುವುದು ವಾಸ ಎಲ್ಲಿ ಅಂತ, ಕೆಲಸ ಎಲ್ಲಿ ಅಂತ ಅಲ್ಲ. ವಿಂಡ್ಸರ್‌ನಲ್ಲಿ ಮನೆ ಮಾಡಿ ದಿನಾ ಬೆಳಿಗ್ಗೆ ಅಂಬಾಸಡರ್ ಸೇತುವೆ ಅಥವಾ ಸುರಂಗ ದಾಟಿ ಡೆಟ್ರಾಯಿಟ್‌ಗೆ ಕೆಲಸಕ್ಕೆ ಹೋಗುವವರು ತುಂಬಾ ಜನ. ಟಿಎನ್ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಮನೆಯನ್ನಷ್ಟೇ ಆಚೆ ದಡಕ್ಕೆ ಬದಲಿಸಿದರೆ ಅವರು ಕೆನಡಾದ ನಿವಾಸಿ, ವಾಪಸಾಗುವ ಉದ್ದೇಶ ಸಾಬೀತು ಮಾಡುವ ಪ್ರಶ್ನೆಯೇ ಬರುವುದಿಲ್ಲ. ತೆರಿಗೆಗೆ ಎರಡೂ ಕಡೆ ರಿಟರ್ನ್ ಹಾಕಬೇಕಾಗುತ್ತದೆ, ಅದು ಬೇರೆ ಲೆಕ್ಕ. ಕೆಲಸ ಬಿಡುವ ಮೊದಲು ಇದನ್ನು ಯೋಚಿಸಲಿ.

ಮಂಜೇಶ್ವರದ ಪ್ರಭು:
ನೋಂದಣಿ ವಿಷಯ ನಾನು ಹೇಳುತ್ತೇನೆ. ಪಂಚಾಯತಿನವರು ಹೇಳಿದ್ದು ಸರಿ. ಕೇರಳದ 2008ರ ವಿವಾಹ ನೋಂದಣಿ ನಿಯಮದಲ್ಲಿ ಮದುವೆ ಎಲ್ಲಿ ನಡೆಯಿತೋ ಆ ಸ್ಥಳೀಯ ಸಂಸ್ಥೆಯಲ್ಲೇ ನೋಂದಣಿ. ಧಾರೆ ಎರೆದದ್ದು ಮಂಗಳೂರಿನ ಹಾಲ್‌ನಲ್ಲಾದರೆ ಕಾಸರಗೋಡಿನ ಯಾವ ಪಂಚಾಯತಿಗೂ ಅಧಿಕಾರ ಇಲ್ಲ. ಗಡಿ ದಾಟಿ ಹಾಲ್ ಮಾಡುವ ನಮ್ಮ ಕಡೆಯವರಿಗೆಲ್ಲ ಈ ಗೊಂದಲ ಆಗುವುದೇ.

ಮಂಗಳೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಮಾಡಿಸಿ. ಆಮಂತ್ರಣ ಪತ್ರಿಕೆ, ಧಾರೆಯ ಫೋಟೋ, ಹಾಲ್ ರಶೀದಿ, ಇಬ್ಬರ ವಯಸ್ಸು ಮತ್ತು ವಿಳಾಸದ ದಾಖಲೆ, ಸಾಕ್ಷಿಗಳು ಬೇಕು. ಹುಡುಗ ವಿದೇಶಿ ಪೌರನಾದ ಕಾರಣ ಮೊದಲು ಮದುವೆಯಾಗಿಲ್ಲ ಎಂಬ ದಾಖಲೆ ಕೇಳುವುದುಂಟು. ಭಾವ ಊರಿಗೆ ಬರುವ ಮೊದಲೇ ಕಚೇರಿಯಲ್ಲಿ ವಿಚಾರಿಸಿಡಿ, ಏಕೆಂದರೆ ಸಹಿಗೆ ಇಬ್ಬರೂ ಬೇಕು. ವಿಶೇಷ ವಿವಾಹ ಕಾಯ್ದೆಯಲ್ಲಿ ಮಾಡಿ ಅಂತ ಯಾರಾದರೂ ಹೇಳಿದರೆ ರಜೆಯ ಲೆಕ್ಕ ಹಾಕಿ: ಅದರಲ್ಲಿ ಆದ ಮದುವೆಯನ್ನು ನೋಂದಾಯಿಸಲು ಇಬ್ಬರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು, ಮೇಲಿಂದ 30 ದಿನದ ನೋಟಿಸ್.

ಹಾಲ್ ರಶೀದಿಯನ್ನು ಎಸೆಯಬೇಡಿ. ಕೆನಡಾದ ಅರ್ಜಿಗೂ ಅದು ಒಳ್ಳೆಯ ಸಾಕ್ಷಿ.

ಉಪ್ಪಳದಿಂದ:
ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ಗಂಡ ಅಥವಾ ಹೆಂಡತಿ ಸ್ಥಳದಲ್ಲಿಲ್ಲದೆ ಫೋನ್, ವಿಡಿಯೋ ಕಾಲ್ ಮೂಲಕ ಅಥವಾ ವಕೀಲರನ್ನು ಕೂರಿಸಿ ಆದ ನಿಕಾಹ್ ಅಥವಾ ಮದುವೆಯನ್ನು ಕೆನಡಾ 2015ರ ಜೂನ್‌ನಿಂದ ಈ ಅರ್ಜಿಗೆ ಒಪ್ಪುವುದಿಲ್ಲ. ಊರಿನಲ್ಲಿ ಅದು ಊರ್ಜಿತ, ಸರ್ಟಿಫಿಕೇಟ್ ಇದೆ ಎಂಬುದು ಅಲ್ಲಿ ನಡೆಯುವುದಿಲ್ಲ. ಅಂಥವರು ಇಬ್ಬರೂ ಎದುರಿಗಿದ್ದು ಮತ್ತೆ ಮದುವೆಯಾಗಿ ಆಮೇಲೆ ಅರ್ಜಿ ಹಾಕುವುದು ಒಳ್ಳೆಯದು.

ಕುಂಬಳೆಯಣ್ಣ:
ಎಲ್ಲರಿಗೂ ಉಪಕಾರ. ಮನೆ ಬದಲಿಸುವ ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ. ಇನ್ನು ಫಾರ್ಮ್‌ಗಳ ಬಗ್ಗೆ ಹೇಳಿ. ತಂಗಿಯ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಗಂಡನ ಹೆಸರೂ ಇಲ್ಲ. ಮೊದಲು ಪಾಸ್‌ಪೋರ್ಟ್ ಬದಲಿಸಬೇಕಾ?

ಬದಿಯಡ್ಕದ ಅಕ್ಕ:
ಬೇಡ ತಮ್ಮಾ. ಕೆನಡಾದವರಿಗೆ ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು ಬೇಕಿಲ್ಲ, ಮದುವೆ ಸರ್ಟಿಫಿಕೇಟ್ ಸಾಕು. ಸರ್‌ನೇಮ್ ಖಾಲಿ ಇದ್ದರೆ ಪೂರ್ತಿ ಹೆಸರನ್ನು ಫ್ಯಾಮಿಲಿ ನೇಮ್ ಜಾಗದಲ್ಲಿ ಬರೆದು ಗಿವನ್ ನೇಮ್ ಖಾಲಿ ಬಿಡಬೇಕು, ಅವರದೇ ಸೂಚನೆ ಅದು. ಎಲ್ಲ ಫಾರ್ಮ್‌ನಲ್ಲೂ ಹಾಗೇ ಇರಲಿ. ಪಾಸ್‌ಪೋರ್ಟ್‌ನ ಅವಧಿ ಹತ್ತಿರದಲ್ಲೇ ಮುಗಿಯುವುದಾದರೆ ಮಾತ್ರ ಈಗಲೇ ಹೊಸದು ಮಾಡಿಸಿ. ನಡುವೆ ಬದಲಾದರೆ ನಂಬರು ತಿಳಿಸುವ ರಗಳೆ.

ಭಾವ ತುಂಬಿಸುವ ಫಾರ್ಮ್ ಐಎಂಎಂ 1344 (ಸ್ಪಾನ್ಸರ್ ಅರ್ಜಿ). ತಂಗಿಯದು ಐಎಂಎಂ 0008 (ಮುಖ್ಯ ಅರ್ಜಿ), 5669 (ಹಿನ್ನೆಲೆ), 5406 (ಕುಟುಂಬದ ವಿವರ). ಇಬ್ಬರೂ ಸೇರಿ 5532 (ಸಂಬಂಧದ ವಿವರ). ಹೆಚ್ಚಿನವರು ಎಡವುವುದು 5669ರಲ್ಲಿ. ಕಳೆದ 10 ವರ್ಷದ, ಇಲ್ಲವೇ 18 ತುಂಬಿದಂದಿನಿಂದ, ಪ್ರತಿ ತಿಂಗಳ ಲೆಕ್ಕ ಕೊಡಬೇಕು. ಡಿಗ್ರಿ ಮುಗಿದು ಕೆಲಸ ಸಿಗುವವರೆಗಿನ ನಾಲ್ಕು ತಿಂಗಳನ್ನು ಖಾಲಿ ಬಿಟ್ಟರೆ ಅರ್ಜಿ ಅಪೂರ್ಣ ಎಂದು ವಾಪಸ್ ಬರಬಹುದು. ಮನೆಯಲ್ಲಿದ್ದರೆ ಕೆಲಸವಿಲ್ಲದೆ ಮನೆಯಲ್ಲಿದ್ದೆ ಅಂತಲೇ ಬರೆಯಿರಿ. ಮಂಗಳೂರಿನ ಹಾಸ್ಟೆಲ್ ವಿಳಾಸವೂ ವಿಳಾಸದ ಪಟ್ಟಿಗೆ ಬರಬೇಕು.

1344ರಲ್ಲಿ ಒಂದು ಪ್ರಶ್ನೆ ಇದೆ: ಸ್ಪಾನ್ಸರ್ ಅನರ್ಹ ಎಂದಾದರೆ ಅರ್ಜಿ ಹಿಂಪಡೆಯುತ್ತೀರಾ, ಮುಂದುವರಿಸುತ್ತೀರಾ ಅಂತ. ಹಿಂಪಡೆದರೆ ಸ್ಪಾನ್ಸರ್ ಶುಲ್ಕ ಕಳೆದು ಉಳಿದ ಶುಲ್ಕ ವಾಪಸ್. ಮುಂದುವರಿಸಿದರೆ ಅರ್ಜಿಯ ಶುಲ್ಕ ಹೋಗುತ್ತದೆ, ಮೇಲ್ಮನವಿಯ ಹಕ್ಕು ಉಳಿಯುತ್ತದೆ. ಓದದೆ ಟಿಕ್ ಮಾಡಬೇಡಿ. ಶುಲ್ಕ 2024ರ ಏಪ್ರಿಲ್ 30ರ ದರದಲ್ಲಿ ಒಟ್ಟು 1,205 ಕೆನಡಾ ಡಾಲರ್ ಇತ್ತು, ಅಂದರೆ ಸ್ಪಾನ್ಸರ್‌ಗೆ 85, ಅರ್ಜಿದಾರರಿಗೆ 545, ಪಿಆರ್ ಹಕ್ಕಿನ ಶುಲ್ಕ 575. ಬಯೋಮೆಟ್ರಿಕ್ಸ್‌ಗೆ (ಬೆರಳಚ್ಚು, ಫೋಟೋ) ಬೇರೆ 85. ದರ ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗುತ್ತದೆ, ಕಟ್ಟುವ ದಿನ ನೋಡಿಕೊಳ್ಳಿ.

ಪಿಸಿಸಿ (ಅಪರಾಧ ದಾಖಲೆ ಇಲ್ಲ ಎಂಬ ಪೊಲೀಸ್ ಸರ್ಟಿಫಿಕೇಟ್) ಪಾಸ್‌ಪೋರ್ಟ್ ಸೇವೆಯ ಮೂಲಕವೇ ಆಗಬೇಕು, ಠಾಣೆಯಿಂದ ತಂದ ಪತ್ರ ನಡೆಯುವುದಿಲ್ಲ. ಶುಲ್ಕ 500 ರೂಪಾಯಿ. ಅರ್ಜಿ ಹಾಕುವ ದಿನಕ್ಕೆ ಆರು ತಿಂಗಳಿಗಿಂತ ಹಳೆಯದಾಗಿರಬಾರದು, ಹಾಗಾಗಿ ಇದನ್ನು ಕೊನೆಗೆ ಮಾಡಿಸಿ. ಮಲಯಾಳ ಅಥವಾ ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ಇಂಗ್ಲಿಷ್ ಅನುವಾದ, ಅನುವಾದಕರ ಅಫಿಡವಿಟ್, ಮೂಲದ ಪ್ರತಿ ಮೂರೂ ಬೇಕು. ಮನೆಯವರು ಅನುವಾದ ಮಾಡುವಂತಿಲ್ಲ, ನೀವು ಇಂಗ್ಲಿಷ್ ಮೇಷ್ಟ್ರಾದರೂ ಸರಿ. ಬಯೋಮೆಟ್ರಿಕ್ಸ್ ಪತ್ರ ಬಂದ ಮೇಲೆ 30 ದಿನ ಸಮಯ, ಬೆಂಗಳೂರಿಗೆ ಕಣ್ಣೂರು ರೈಲಿನಲ್ಲಿ ರಾತ್ರಿ ಹೋಗಿ ಮುಗಿಸಬಹುದು. ಮೆಡಿಕಲ್‌ಗೆ ಅವರು ಹೇಳುವವರೆಗೆ ಕಾಯಿರಿ, ಅವರ ಪಟ್ಟಿಯ ಡಾಕ್ಟರೇ ಆಗಬೇಕು.

ವಿಂಡ್ಸರ್ ಭಟ್:
ಉಳಿದದ್ದು ತಂಗಿ ಡೆಟ್ರಾಯಿಟ್‌ನಲ್ಲಿರುವ ವಿಷಯ. ಟಿಎನ್‌ನವರ ಹೆಂಡತಿ ಯಾವ ದೇಶದವರಾದರೂ ಟಿಡಿ ವೀಸಾಕ್ಕೆ ಅರ್ಹರು. ಭಾರತೀಯ ಪಾಸ್‌ಪೋರ್ಟ್ ಆದ್ದರಿಂದ ಅಮೆರಿಕದ ಕಾನ್ಸುಲೇಟ್‌ನಲ್ಲಿ ವೀಸಾ ಹಾಕಿಸಿಕೊಂಡೇ ಹೋಗಬೇಕು, ಅದಕ್ಕೂ ಮದುವೆ ಸರ್ಟಿಫಿಕೇಟ್ ಮೊದಲು. ಟಿಡಿಯಲ್ಲಿ ಓದಬಹುದು, ಕೆಲಸ ಮಾಡುವಂತಿಲ್ಲ. ಅಲ್ಲಿ ಸತತ ಆರು ತಿಂಗಳು ಇದ್ದರೆ ಎಫ್‌ಬಿಐ ಪೊಲೀಸ್ ದಾಖಲೆಯನ್ನೂ ಕೇಳುತ್ತಾರೆ. ವಿಳಾಸ ಬದಲಾದ ಕೂಡಲೇ ಕೆನಡಾದವರಿಗೆ ತಿಳಿಸಿ, ಇಲ್ಲದಿದ್ದರೆ ಪಾಸ್‌ಪೋರ್ಟ್ ಕೇಳುವ ಪತ್ರ ತಪ್ಪಿಹೋದೀತು.

ಆದರೆ ಭಾವ ವಿಂಡ್ಸರ್‌ಗೆ ಮನೆ ಬದಲಿಸಿದರೆ ಟಿಡಿಯಲ್ಲಿ ಅರ್ಥವಿಲ್ಲ. ಆಗ ತಂಗಿಗೆ ಕೆನಡಾದ ವಿಸಿಟರ್ ವೀಸಾ ಹಾಕಿ. ಪಿಆರ್ ಅರ್ಜಿ ನಡೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ ಎಂದು ಅವರ ಕಾನೂನಿನಲ್ಲೇ ಇದೆ. ಅರ್ಜಿ ನಡೆಯುತ್ತಿರುವುದನ್ನು ಮುಚ್ಚಿಡಬೇಡಿ, ಸ್ವೀಕೃತಿ ಪತ್ರವನ್ನೂ ಲಗತ್ತಿಸಿ.